ಮೇಸ್ತ್ರಿ ಹೊಲಿದ ದಾರಿ

"ನೋಡಿ ಮೇಡಂ, ಕಣ್ಣಾರೆ ನೋಡಿ. ಅದೇ ಲೈಬ್ರರಿ. ಒಂದಕ್ಷರ ಆಚೀಚೆ ಆಗಿಲ್ಲ."

ಸ್ವೆಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದ. ಆಸ್ಪತ್ರೆಯ ಸರ್ವರ್ ಕೋಣೆಯ ಉಸ್ತುವಾರಿ ಅವನದು. ಹೊರಗೆ ಬಿಸಿಲು ಸುಡುತ್ತಿದ್ದರೂ ಆ ಕೋಣೆಯ ಚಳಿಗೆ ವರ್ಷವಿಡೀ ಉಣ್ಣೆ ತೊಟ್ಟು ಕೂರುವುದರಿಂದ ಇಡೀ ಆಸ್ಪತ್ರೆ ಅವನನ್ನು ಹಾಗೇ ಕರೆಯುತ್ತದೆ.

ಇಷ್ಟು ಖಾತ್ರಿಯಾಗಿ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಹಳ ವರ್ಷ ಸಾಫ್ಟ್‌ವೇರ್ ಕಟ್ಟಿ, ಮೇಲಿನವರ ಜೊತೆ ಜಗಳ ಮಾಡಿಕೊಂಡು ಹೊರಬಂದು, ಈಗ ಬೇರೆಯವರು ಕಟ್ಟಿದ್ದರೊಳಗೆ ನುಗ್ಗಿದ ಕಳ್ಳರನ್ನು ಹುಡುಕಿ ಹೊಟ್ಟೆ ಹೊರೆಯುವವಳು ನಾನು. ಕಳ್ಳ ಸಿಗುವುದು ಹೆಚ್ಚಾಗಿ ಇಂಥ ಖಾತ್ರಿಯ ಬೆನ್ನ ಹಿಂದೆಯೇ.

ನಿನ್ನೆ ತನಿಖಾ ಸಮಿತಿ ಹೇಳಿದ್ದೂ ಇದನ್ನೇ: ಕಂಪ್ಯೂಟರಿನಲ್ಲಿ ದೋಷವಿಲ್ಲ, ತಪ್ಪು ರಕ್ತನಿಧಿಯ ಟೆಕ್ನಿಷಿಯನ್ ಹುಡುಗಿಯದು.

ಆ ಟೆಕ್ನಿಷಿಯನ್ ನನ್ನ ಭಾವನ ಒಡಹುಟ್ಟಿದ ತಂಗಿ. ರಕ್ತ ತೆಗೆಯುವ ಕೆಲಸಕ್ಕೆ ಸೇರಿದ ದಿನದಿಂದ ಮನೆಯಲ್ಲಿ ಎಲ್ಲರಿಗೂ ಅವಳು ಸೂಜಿ. ಅವಧಿ ಮೀರಿದ ಒಂದು ಚೀಲ ರಕ್ತದ ಕೊನೆಯ ದಿನಾಂಕವನ್ನು ಯಾರೋ ಮುಂದಕ್ಕೆ ತಳ್ಳಿದ್ದರು. ಅದನ್ನು ಅಪಘಾತವಾದ ಒಬ್ಬ ಬಸ್ ಡ್ರೈವರನಿಗೆ ಏರಿಸಲಾಗಿತ್ತು. ಅವನು ಇನ್ನೂ ಕಣ್ಣು ಬಿಟ್ಟಿಲ್ಲ. ಡೇಟಾಬೇಸಿನಲ್ಲಿ, ದಿನಾಂಕ ಬದಲಿಸಿದವರು ಯಾರು ಎಂಬ ಕಡೆ, ಸೂಜಿಯ ಹೆಸರಿತ್ತು. ಸಂಜೆಯೊಳಗೆ ಬೇರೆ ಪುರಾವೆ ತರದಿದ್ದರೆ ಪೊಲೀಸರು ಅವಳನ್ನು ಕರೆದೊಯ್ಯುತ್ತಾರೆ.

"ಏನಂತೆ?" ಎಂದರು ಭಾವ. ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಎಷ್ಟು ಗಟ್ಟಿ ಮನುಷ್ಯನಾದರೂ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. "ಲೈಬ್ರರಿ ಲೈಬ್ರರಿ ಅಂತೀರಿ. ನಾನು ಹಳೇ ವಾರಪತ್ರಿಕೆ ಇಡೋ ಬೆಂಚು ಅಂದ್ಕೊಂಡಿದ್ದೆ."

"ಸೂಜಿ ದಿನಾ ಬೆಳಿಗ್ಗೆ ಚೀಲಗಳನ್ನೆಲ್ಲ ಎಣಿಸಿ, ಪರದೆ ಮೇಲೆ ಒಪ್ಪಿಗೆ ಒತ್ತುತಾಳಲ್ಲ ಭಾವ? ಅದನ್ನ ಡೇಟಾಬೇಸಿಗೆ ತಲುಪಿಸೋದು ಮಾಡ್ಯೂಲ್ ಅನ್ನೋ ಒಂದು ತುಂಡು ಸಾಫ್ಟ್‌ವೇರು. ಅದಕ್ಕೆ ಡೇಟಾಬೇಸಿನ ಭಾಷೆ ಬರಲ್ಲ. ಭಾಷೆ ಬರೋದು ಲೈಬ್ರರಿಗೆ. ಮಾಡ್ಯೂಲ್ ಹೇಳುತ್ತೆ, ಲೈಬ್ರರಿ ಬರೆಯುತ್ತೆ."

"ದುಭಾಷಿ."

"ಹೌದು. ದುಭಾಷಿ ಸುಳ್ಳು ಹೇಳಿದ್ರೆ?"

ಭಾವ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಇಂಥ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ.

"ಆದರೆ ದುಭಾಷಿ ಒಳ್ಳೆಯವನೇ ಅಂತ ನಮ್ಮ ಸ್ವೆಟರ್ ಸಾಹೇಬ್ರು ತೋರಿಸ್ತಿದಾರಲ್ಲ."

"ಅವರು ತೋರಿಸ್ತಿರೋದು ಇರಬೇಕಾದ ಜಾಗದಲ್ಲಿ ಇರೋ ಲೈಬ್ರರಿ. ಮಾಡ್ಯೂಲ್ ಅಲ್ಲಿಗೇ ಹೋಗುತ್ತೆ ಅಂತ ಯಾರು ಹೇಳಿದ್ದು?"

ಸ್ವೆಟರ್ ನಕ್ಕ. "ಇನ್ನೆಲ್ಲಿಗೆ ಹೋಗುತ್ತೆ ಮೇಡಂ?"

"ಅದನ್ನೇ ಕೇಳೋಣ. ಏಳಿ, ಕುರ್ಚಿ ಬಿಡಿ."

ಮಾಡ್ಯೂಲನ್ನು ಕಟ್ಟುವಾಗ, ಬೇಕಾದ ಲೈಬ್ರರಿ ಎಲ್ಲಿ ಸಿಗುತ್ತದೆಂದು ದಾರಿ ತೋರಿಸಬೇಕು. ಕಟ್ಟುವವನು ಬಯಸಿದರೆ ಆ ದಾರಿಯನ್ನು ಮಾಡ್ಯೂಲಿನ ಒಳಗೇ ಹೊಲಿದುಬಿಡಬಹುದು. ಆಮೇಲೆ ಅದು ಯಾವ ಊರಿನ ಯಾವ ಸರ್ವರಿಗೆ ಹೋದರೂ ಮೊದಲು ನೋಡುವುದು ಆ ದಾರಿಯನ್ನೇ. ನಮ್ಮ ಅಕ್ಕ ಸಕ್ಕರೆ ಹುಡುಕುವ ಹಾಗೆ: ಮೊದಲ ಕಪಾಟಿನಲ್ಲಿ 'ಸಕ್ಕರೆ' ಚೀಟಿಯ ಡಬ್ಬಿ ಸಿಕ್ಕಿತೋ, ಕೈಹಾಕಿದಳು. ಒಳಗಿರುವುದು ಉಪ್ಪಾದರೂ ಗೊತ್ತಾಗುವುದು ಬಾಯಿಗೆ ಇಟ್ಟ ಮೇಲೆ. ಅಲ್ಲಿ ಡಬ್ಬಿಯೇ ಇಲ್ಲದಿದ್ದರೆ ಮಾತ್ರ ಎರಡನೇ ಕಪಾಟು.

ಒಂದು ಸಾಲು ಆದೇಶ ಕೊಟ್ಟೆ. ಮಾಡ್ಯೂಲ್ ತನ್ನ ಹೊಟ್ಟೆಯಲ್ಲಿದ್ದುದನ್ನು ಪರದೆಯ ಮೇಲೆ ಬಿಚ್ಚಿಟ್ಟಿತು.

ಸ್ವೆಟರ್ ನಗುವುದನ್ನು ನಿಲ್ಲಿಸಿದ.

ಅವನು ತೋರಿಸುತ್ತಿದ್ದ ಜಾಗ ಎರಡನೆಯದು. ಮೊದಲನೆಯದು ಯಾರೋ ಒಬ್ಬನ ಸ್ವಂತ ಫೋಲ್ಡರು, ನಮ್ಮ ಕಸುಬಿನ ಭಾಷೆಯಲ್ಲಿ ಅವನ 'ಮನೆ'. ಆ ಹೆಸರಿನವನು ಈ ಆಸ್ಪತ್ರೆಯ ನೌಕರನಲ್ಲ. ಮಾಡ್ಯೂಲ್ ಕಟ್ಟಿಕೊಟ್ಟ ಕಂಪನಿಯವನು. ಏನು ಹೇಳಿದರೂ ಕಟ್ಟಿಕೊಡುತ್ತೇನೆ ಎನ್ನುವುದಕ್ಕೆ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಾರೆ.

"ಅವನ ಮನೆ ಫೋಲ್ಡರ್ ಅವನ ಕಂಪನಿ ಕಂಪ್ಯೂಟರಲ್ಲಿ ಇರುತ್ತೆ. ನಮ್ಮ ಸರ್ವರಲ್ಲಿ ಯಾಕಿರುತ್ತೆ?" ಎಂದ ಸ್ವೆಟರ್.

"ಇದೆಯಾ ನೋಡಿ."

ನೋಡಿದ. ಇತ್ತು. ಒಳಗೆ ಏನೂ ಇರಲಿಲ್ಲ. ಆ ಫೋಲ್ಡರಿಗೆ ಕೊನೆಯ ಬಾರಿ ಕೈ ತಾಗಿದ್ದು ಬಸ್ ಡ್ರೈವರ್ ಐಸಿಯು ಸೇರಿದ ಮರುದಿನ ಬೆಳಿಗ್ಗೆ.

ಭಾವ ಉಸಿರು ಬಿಟ್ಟರು. "ಮನೆ ಖಾಲಿ ಮಾಡ್ಕೊಂಡು ಹೋಗಿದಾನೆ."

"ಗುಡಿಸಿ ಸಾರಿಸಿ ಹೋಗಿದಾನೆ. ಆದರೆ ಬಾಗಿಲು ಹಾಗೇ ಇದೆ. ಇಲ್ಲಿಗೆ ಫೋಲ್ಡರ್ ಹಾಕೋ ಅಧಿಕಾರ ಯಾರ್ಯಾರಿಗಿದೆ?"

ಸ್ವೆಟರ್ ತೋಳು ಕೆಳಗೆಳೆದುಕೊಂಡ. "ನನಗಿದೆ. ದೊಡ್ಡ ಡಾಕ್ಟ್ರಿಗಿದೆ, ರಕ್ತನಿಧಿ ಮುಖ್ಯಸ್ಥರು ಅಂತ. ಮೇಸ್ತ್ರಿಗಿತ್ತು, ಕೆಲಸ ಮುಗಿದ ಮೇಲೆ ತೆಗೆದ್ವಿ." ಗಂಟಲು ಸರಿಮಾಡಿಕೊಂಡ. "ಮತ್ತೆ ತನಿಖೆಗೆ ಅಂತ ನಿಮಗೂ ಕೊಟ್ಟಿದೀವಿ."

"ಹಾಗಾದ್ರೆ ನಾದಿನಿಯವರನ್ನೂ ಅನುಮಾನದ ಸಾಲಲ್ಲಿ ನಿಲ್ಲಿಸೋಣ," ಎಂದರು ಭಾವ. ಎರಡು ದಿನದ ಮೇಲೆ ಅವರ ಮುಖದಲ್ಲಿ ಸ್ವಲ್ಪ ಕಳೆ ಕಂಡು ನನಗೆ ಸಮಾಧಾನವಾಯಿತು.

ಆ ಖಾಲಿ ಫೋಲ್ಡರಿಗೆ ಒಂದು ಕಾವಲು ಇಟ್ಟೆ. ಯಾರಾದರೂ ಅದರೊಳಗೆ ಏನಾದರೂ ಹಾಕಿದರೆ ಸಾಕು, ಹಾಕಿದ್ದು ಯಾವ ಕಂಪ್ಯೂಟರಿನಿಂದ ಎಂದು ಪರದೆಯ ಮೇಲೆ ಹೆಸರು ಬೀಳುತ್ತದೆ.

"ಮತ್ತೆ ಬರ್ತಾನೆ ಅಂತೀರಾ ಭಾವ?"

"ಸುಲಭದ ಕಿಟಕಿ ಸಿಕ್ಕಿದ ಕಳ್ಳ ಇನ್ನೊಂದು ಕಿಟಕಿ ಹುಡುಕಿದ್ದನ್ನ ನಾನು ನೋಡಿಲ್ಲ. ಆದರೆ ಮನೆಯೋರು ಮಲಗಿದಾರೆ ಅಂತ ಅವನಿಗೆ ಅನ್ನಿಸಬೇಕು. ಅದು ನನಗೆ ಬಿಡು."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ನಾನು ಪರದೆ ಆರಿಸಿದೆ.

ದೊಡ್ಡ ಡಾಕ್ಟರು. ಬಿಳಿ ಕೋಟು, ಮೆಲುದನಿ, ಎದುರಿಗಿರುವವರ ಹೆಗಲ ಮೇಲೆ ಕೈಯಿಟ್ಟೇ ಮಾತಾಡುವ ರೂಢಿ. ರಕ್ತ ವ್ಯರ್ಥ ಮಾಡುವುದನ್ನು ಅತಿ ಕಡಿಮೆ ಮಾಡಿದರೆಂದು ಅವರಿಗೆ ಸನ್ಮಾನವಾಗಿ, ಆ ಫಲಕ ಹೊರಗಿನ ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುತ್ತಿದೆ.

"ಏನಾದ್ರೂ ಸಿಕ್ತಾ?"

ಭಾವ ತಲೆ ತಗ್ಗಿಸಿದರು. "ಇಲ್ಲ ಡಾಕ್ಟ್ರೆ. ಲೈಬ್ರರಿ ಸರಿಯಾಗೇ ಇದೆಯಂತೆ. ಕೈ ಚೆಲ್ಲಿದ ಹಾಗೇ. ಅವಳ ಹಣೆಬರಹ."

ನಲವತ್ತು ಜನ ಕಳ್ಳರ ಮುಂದೆ ನಾಟಕವಾಡಿ ಪಳಗಿದ ಮನುಷ್ಯ. ಆದರೆ ಆ ಕೊನೆಯ ಮಾತು ಹೇಳುವಾಗ ದನಿ ನಿಜವಾಗಿಯೇ ಒಡೆಯಿತು. ಡಾಕ್ಟರು ಅವರ ಹೆಗಲು ಒತ್ತಿದರು.

"ಸೂಜಿ ನಿಮ್ಮ ಮನೇಲೇ ಇದಾಳೆ ಅಲ್ವಾ? ಒಬ್ಬಳನ್ನೇ ಬಿಡಬೇಡಿ. ಇಂಥ ಹೊತ್ತಲ್ಲಿ ಮನಸ್ಸು ಏನೇನೋ ಯೋಚಿಸುತ್ತೆ."

ಒಳ್ಳೆಯ ಮಾತೇ. ಆದರೂ ಅವರು ಹೋದ ಮೇಲೆ ನನಗೆ ಆ ಕೋಣೆಯ ಚಳಿ ಇನ್ನಷ್ಟು ಹೆಚ್ಚಿದಂತಾಯಿತು.

ಭಾವನನ್ನು ಸ್ವೆಟರಿನ ಪಕ್ಕ ಕೂರಿಸಿ ನಾನು ಮೇಸ್ತ್ರಿಯ ಕಡೆ ಹೊರಟೆ.

ದಾರಿಯುದ್ದಕ್ಕೂ ಸೂಜಿಯದೇ ಯೋಚನೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದಳು. ನಮ್ಮ ಮನೆಯಲ್ಲಿ ಟೀ ಇಲ್ಲದೆ ಬೆಳಗಾಗುವುದಿಲ್ಲ. ಅವಳಿಗೆ ಮಾತ್ರ ಟೀ ವಾಸನೆಯೇ ಆಗದು. ಬಿಸಿನೀರನ್ನೇ ಊದಿ ಊದಿ ಕುಡಿಯುತ್ತಾಳೆ. ಅಕ್ಕ ಎಷ್ಟು ಸಲ ಆಡಿಕೊಂಡಿದ್ದಾಳೋ, "ನಿನ್ನನ್ನ ಉಪಚಾರ ಮಾಡೋದು ಎಷ್ಟು ಅಗ್ಗ" ಎಂದು.

"ನಿನಗೆ ಆ ಮಾಡ್ಯೂಲ್ ಬಗ್ಗೆ ಏನಾದರೂ ಗೊತ್ತೇನೇ?" ಎಂದು ಕೇಳಿದ್ದೆ.

"ನಂಗೆ ಒತ್ತೋದೊಂದು ಗೊತ್ತು ಅಕ್ಕ. ಒಳಗಡೆ ಏನಾಗುತ್ತೋ ದೇವರಿಗೇ ಗೊತ್ತು," ಎಂದಿದ್ದಳು. ಕಣ್ಣು ಊದಿಕೊಂಡಿದ್ದವು. "ನೀನಾದ್ರೂ ನನ್ನ ನಂಬ್ತೀಯಲ್ಲ?"

"ನಂಬ್ತೀನಿ," ಎಂದಿದ್ದೆ. ಮುಲಾಜಿಗೆ ಹೇಳಿದ ಮಾತಲ್ಲ ಅದು. ಅವಳನ್ನು ಬಿಡಿಸಿಕೊಂಡೇ ತೀರುತ್ತೇನೆ ಎಂದು ಬಸ್ಸಿನ ಕಂಬಿ ಹಿಡಿದುಕೊಂಡೇ ಇನ್ನೊಮ್ಮೆ ಹೇಳಿಕೊಂಡೆ.

ಮೇಸ್ತ್ರಿಯ ಕಂಪನಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ನನಗೆ ಏದುಸಿರು, ಜೊತೆಗೆ ಸಿಟ್ಟು. ಎರಡೂ ಕೂಡಿದಾಗ ನಾನು ಚೆನ್ನಾಗಿ ಕೆಲಸ ಮಾಡುತ್ತೇನೆ.

ಕನ್ನಡಕ ಹಣೆಗೇರಿಸಿಕೊಂಡು ಅವನು ಯಾವುದೋ ಮಾಡ್ಯೂಲ್ ಕಟ್ಟುತ್ತಿದ್ದ. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ನಾನು ಯಾರೆಂದು ಹೇಳಿದೆ.

"ಆಸ್ಪತ್ರೆ ಮಾಡ್ಯೂಲ್? ಅದರಲ್ಲೇನೂ ತೊಂದರೆ ಇಲ್ವಲ್ಲ ಮೇಡಂ. ಇವತ್ತಿನವರೆಗೂ ಒಂದು ಕಂಪ್ಲೇಂಟ್ ಇಲ್ಲ."

"ಲೈಬ್ರರಿ ದಾರಿ ಏನು ಕೊಟ್ಟಿದ್ರಿ?"

"ಎಲ್ಲರೂ ಕೊಡೋದೇ."

"ಎಲ್ಲರೂ ತಮ್ಮ ಮನೆ ಅಡ್ರೆಸ್ ಕೊಡ್ತಾರಾ?"

ಅವನ ಕೈ ಕೀಲಿಮಣೆಯ ಮೇಲೆ ನಿಂತಿತು. ಸರ್ವರ್ ಪರದೆಯಿಂದ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಚಿತ್ರವನ್ನು ಮುಂದಿಟ್ಟೆ. ಹಣೆಯ ಕನ್ನಡಕ ಮೂಗಿಗಿಳಿಯಿತು. ಓದಿದ. ಮತ್ತೆ ಓದಿದ.

"ಇದು... ಇದು ತೆಗೀಬೇಕಾಗಿತ್ತು."

"ತೆಗೀಬೇಕಾಗಿತ್ತು. ಯಾಕೆ ತೆಗೀಲಿಲ್ಲ?"

"ಮೇಡಂ, ನೀವೂ ಕಟ್ಟಿದೋರು ಅಂತೀರಿ. ನಿಮಗೆ ಅರ್ಥ ಆಗುತ್ತೆ." ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ಕಟ್ಟೋ ಕಂಪ್ಯೂಟರಲ್ಲಿ ಇದ್ದದ್ದು ಹಳೇ ಲೈಬ್ರರಿ. ಆಸ್ಪತ್ರೆಯೋರು ಕೇಳಿದ್ದು ಹೊಸಾದು. ಹಳೇದರ ಮೇಲೆ ಹೊಸದು ಹಾಕಿದ್ರೆ ಬೇರೆ ನಾಲ್ಕು ಕೆಲಸ ಕೆಡ್ತವೆ. ಅದಕ್ಕೆ ಹೊಸದನ್ನ ನನ್ನ ಫೋಲ್ಡರಲ್ಲಿ ಇಟ್ಕೊಂಡೆ. ದಾರಿ ಕೊಟ್ಟೆ. ಕಟ್ಟೋದೇನೋ ಆಯ್ತು, ಓಡಿಸೋಕೆ ಹೋದ್ರೆ ಲೈಬ್ರರಿ ಸಿಕ್ಕಿಲ್ಲ ಅನ್ನುತ್ತೆ. ತಲೆ ಕೆಟ್ಟು ದಾರೀನ ಒಳಗೇ ಹೊಲಿದುಬಿಟ್ಟೆ. ಓಡ್ತು."

"ಓಡ್ತು. ಆಮೇಲೆ?"

"ಓಡ್ತಿರೋದನ್ನ ಯಾರು ಮುಟ್ತಾರೆ ಮೇಡಂ?"

ಇದನ್ನು ಕೇಳಿ ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಮರುಕ್ಷಣವೇ ಪಾಪವೆನಿಸಿತು. ಈ ಕಸುಬಿನಲ್ಲಿ ಕೂತವರಿಗೆಲ್ಲ ಈ ರೋಗವಿದೆ. ಸಿಕ್ಕಿಲ್ಲ, ಸಿಕ್ಕಿಲ್ಲ ಎಂದು ಯಂತ್ರ ಗೋಳಾಡುವಾಗ ಏನಾದರೊಂದು ಮಾಡಿ ಅದರ ಬಾಯಿ ಮುಚ್ಚಿಸುತ್ತೇವೆ. ಮುಚ್ಚಿದ ಮೇಲೆ, ಹೇಗೆ ಮುಚ್ಚಿತೆಂದು ಹಿಂತಿರುಗಿ ನೋಡುವುದಿಲ್ಲ.

"ಆಸ್ಪತ್ರೆ ಸರ್ವರಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಮಾಡಿದ್ದು ನೀವಾ?"

"ಇಲ್ಲ. ಸತ್ಯವಾಗ್ಲೂ ಇಲ್ಲ. ಅಲ್ಲಿ ಸರಿಯಾದ ಜಾಗದಲ್ಲೇ ಹೊಸ ಲೈಬ್ರರಿ ಇತ್ತಲ್ಲ. ನನ್ನ ಫೋಲ್ಡರ್ ಸಿಗದಿದ್ರೆ ಅದು ಅಲ್ಲಿಗೆ ಹೋಗುತ್ತೆ. ಅದಕ್ಕೇ ನಾನು ತಲೆ ಕೆಡಿಸಿಕೊಳ್ಳಲಿಲ್ಲ."

"ಅದನ್ನ ಯಾರೋ ತಲೆಗೆ ಹಚ್ಚಿಕೊಂಡಿದಾರೆ. ನಿಮ್ಮ ಹೆಸರಿನ ಮನೆ ಕಟ್ಟಿ, ಅದರಲ್ಲಿ ಕಳ್ಳ ಲೈಬ್ರರಿ ಕೂರಿಸಿದಾರೆ. ಚೀಲದ ದಿನಾಂಕ ಅದರ ಕೈ ದಾಟಿ ಹೋಗುವಾಗ ಮುಂದೆ ಸರಿಯುತ್ತೆ. ಒಬ್ಬ ಮನುಷ್ಯ ಐಸಿಯುನಲ್ಲಿ ಮಲಗಿದಾನೆ. ನಿಮ್ಮ ದಾರಿಯಲ್ಲೇ ಆ ರಕ್ತ ಬಂದದ್ದು."

ಅವನ ಮುಖ ಬಿಳಿಚಿಕೊಂಡಿತು. ನೀರಿನ ಬಾಟಲಿಗೆ ಕೈಹಾಕಿದವನು ಮುಚ್ಚಳ ತೆಗೆಯುವುದನ್ನೇ ಮರೆತ.

"ಸಮಿತಿ ಮುಂದೆ ಬಂದು ಇದನ್ನ ಹೇಳ್ತೀರಾ?"

"ನನ್ನ ಕೆಲಸ ಹೋಗುತ್ತೆ ಮೇಡಂ."

"ಹೋಗಬಹುದು. ಹೇಳದಿದ್ರೆ ಏನೂ ತಪ್ಪು ಮಾಡದ ಒಬ್ಬಳು ಜೈಲಿಗೆ ಹೋಗ್ತಾಳೆ. ಸಂಜೆಯೊಳಗೆ. ನೀವು ಎದ್ದು ಬರೋವರೆಗೂ ನಾನು ಇಲ್ಲಿಂದ ಕದಲಲ್ಲ."

ಪರದೆಯ ಮೇಲೆ ಅವನ ಹೊಸ ಮಾಡ್ಯೂಲ್ ಲೈಬ್ರರಿ ಸಿಕ್ಕಿಲ್ಲವೆಂದು ಹೇಳಿ ನಿಂತಿತ್ತು. ಅವನು ಅದರ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ಪರದೆ ಆರಿಸಿದ.

"ಬರ್ತೀನಿ."

ನನ್ನ ಎದೆಯ ಮೇಲಿದ್ದ ಭಾರ ಅರ್ಧ ಇಳಿಯಿತು. ಇನ್ನುಳಿದದ್ದು ಒಂದೇ ಪ್ರಶ್ನೆ.

"ಈ ದಾರಿ ಒಳಗಿದೆ ಅಂತ ಯಾರಿಗೆ ಹೇಳಿದ್ರಿ? ನೆನಪು ಮಾಡ್ಕೊಳ್ಳಿ. ಸುಮ್ಮನೆ ಮಾತಿಗೆ ಅಂತ ಆದ್ರೂ?"

"ಯಾರಿಗೂ ಇಲ್ಲ." ಕನ್ನಡಕ ಒರೆಸಿದ. ಕೈ ನಿಂತಿತು. "ಒಬ್ಬರಿಗೆ. ಆಸ್ಪತ್ರೇಲಿ ಮಾಡ್ಯೂಲ್ ಹಾಕಿದ ದಿನ ಬೇರೇನೋ ಪಾಸ್‌ವರ್ಡ್ ತಪ್ಪಿಂದ ಮೊದಲು ಓಡಲಿಲ್ಲ. ರಕ್ತದ ಕೌಂಟರಲ್ಲೇ ಕೂತು ಒದ್ದಾಡ್ತಿದ್ದೆ. ಅಲ್ಲಿದ್ದ ಒಬ್ರು ಪಾಪ, ನನಗೆ ಟೀ ತಂದುಕೊಟ್ರು. ಯಾಕೆ ಓಡ್ತಿಲ್ಲ, ಇದೇನು, ಅದೇನು ಅಂತ ಕೇಳಿದ್ರು. ಕೇಳೋರು ಸಿಕ್ಕಿದ್ರೆ ನಮಗೂ ಖುಷಿ ಅಲ್ವಾ? ಎಲ್ಲಾ ಬಿಡಿಸಿ ಹೇಳಿದೆ. ನನ್ನ ಫೋಲ್ಡರ್ ಕಥೆನೂ ಹೇಳಿ ನಕ್ಕೆ. ಬಹಳ ಚುರುಕು. ಹಾಗಾದ್ರೆ ಅಲ್ಲಿ ಯಾರಾದ್ರೂ ಬೇರೆ ಲೈಬ್ರರಿ ಇಟ್ರೆ ಅಂತ ಅವರೇ ಕೇಳಿದ್ರು."

"ಯಾರು? ದೊಡ್ಡ ಡಾಕ್ಟರಾ?"

"ಅಲ್ಲ ಅಲ್ಲ. ಹೆಂಗಸು. ಹೆಸರು ಕೇಳಲಿಲ್ಲ. ನೀಲಿ ಕೋಟು ಹಾಕಿದ್ರು. ನೀವು ಕುಡಿಯಲ್ವಾ ಅಂದೆ. ನನಗೆ ಟೀ ಆಗಲ್ಲ ಅಂತ ಬಿಸಿನೀರು ತಗೊಂಡ್ರು. ಊದಿ ಊದಿ ಕುಡೀತಾ ಕೂತಿದ್ರು, ಅದಕ್ಕೇ ನೆನಪಿದೆ."

ಬೆಳಿಗ್ಗೆ ಸೂಜಿ ಹೇಳಿದ್ದ ಮಾತು: ನಂಗೆ ಒತ್ತೋದೊಂದು ಗೊತ್ತು ಅಕ್ಕ. ಊದಿಕೊಂಡ ಆ ಕಣ್ಣುಗಳಿಂದ ನೋಡುತ್ತಲೇ ನನಗೇ ಸುಳ್ಳು ಹೇಳಿದ್ದಳು. ಭಾವನಿಗೆ ಇದನ್ನು ಹೇಗೆ ಹೇಳಲಿ?

ಅದೇ ಹೊತ್ತಿಗೆ ಮೊಬೈಲ್ ಅದುರಿತು. ಭಾವ.

"ಬಂದ," ಎಂದರು. ದನಿ ತಗ್ಗಿತ್ತು. "ಈಗ ತಾನೆ. ಫೋಲ್ಡರಿಗೆ ಒಂದು ಫೈಲ್ ಬಿತ್ತು. ಲೈಬ್ರರಿ ಹೆಸರೇ ಅಂತಾನೆ ಸ್ವೆಟರ್."

ಮೇಸ್ತ್ರಿಯ ಎರಡೂ ಕೈ ನನ್ನ ಕಣ್ಣೆದುರಿಗೆ ಮೇಜಿನ ಮೇಲಿದ್ದವು. ಸ್ವೆಟರ್ ಭಾವನ ಪಕ್ಕದಲ್ಲೇ ಇದ್ದ.

"ಯಾವ ಕಂಪ್ಯೂಟರಿಂದ ಭಾವ?"

ಆ ಕಡೆಯಿಂದ ಕುರ್ಚಿ ಕಿರುಗುಟ್ಟಿದ ಸದ್ದು ಮಾತ್ರ ಬಂತು.

"ಭಾವ, ಹೆಸರು ಬಿದ್ದಿರುತ್ತೆ. ಓದಿ."

"ಗಯ್ಯಾಳಿ," ಎಂದರು.

ಮನೆಯಲ್ಲಿರುವ ನನ್ನ ಕಂಪ್ಯೂಟರಿಗೆ ಆ ಹೆಸರಿಟ್ಟವರು ಭಾವನೇ. ಅದರ ಫ್ಯಾನು ಮಾಡುವ ಗದ್ದಲಕ್ಕೆ, ಮತ್ತು ನನ್ನನ್ನು ರೇಗಿಸುವುದಕ್ಕೆ. ಸರ್ವರಿಗೆ ಹೋಗುವ ನನ್ನ ಅಧಿಕಾರವೆಲ್ಲ ಅದರಲ್ಲಿದೆ. ಅಕ್ಕ ಮಧ್ಯಾಹ್ನ ಧಾರಾವಾಹಿ ನೋಡಲೆಂದು ಅದರ ಪಾಸ್‌ವರ್ಡನ್ನು ಪರದೆಯ ಅಂಚಿಗೇ ಅಂಟಿಸಿದ್ದಾಳೆ. ಕಂಪ್ಯೂಟರ್ ಕಳ್ಳರನ್ನು ಹಿಡಿಯುವವಳ ಮನೆಯ ಪರಿಸ್ಥಿತಿ ಇದು. ಇನ್ನು ಸಮಿತಿಗೆ ನಾನು ಏನು ತೋರಿಸಿದರೂ, ಪುರಾವೆ ಸೃಷ್ಟಿಸಿದವಳು ನಾನೇ ಎಂದಾಗುತ್ತದೆ.

"ಮನೇಲಿ ಇರೋದು ನಿನ್ನ ಅಕ್ಕ, ಮತ್ತೆ..." ಭಾವ ಮಾತು ಮುಗಿಸಲಿಲ್ಲ.

"ಭಾವ, ನೀವು ಅಲ್ಲೇ ಇರಿ. ಸರ್ವರ್ ಬಿಟ್ಟು ಏಳಬೇಡಿ. ನಾನು ನೋಡ್ತೀನಿ."

ಅಕ್ಕನಿಗೆ ಫೋನ್ ಹಚ್ಚಿದೆ. ಕುಕ್ಕರಿನ ಸದ್ದಿನ ನಡುವೆ ಅವಳ ದನಿ ಕೇಳಿತು. "ಏನೇ, ಊಟಕ್ಕೆ ಬರ್ತೀರೋ ಇಲ್ವೋ?"

"ಅಕ್ಕ, ಸೂಜಿ ಎಲ್ಲಿ?"

"ನಿನ್ನ ಕೋಣೇಲಿ. ಕಂಪ್ಯೂಟರ್ ಹಾಕ್ಕೊಂಡು ಕೂತಿದಾರೆ."

"ಕೂತಿದಾರೆ? ಯಾರ್ಯಾರು?"

"ಅಯ್ಯೋ, ದೊಡ್ಡ ಡಾಕ್ಟ್ರು ಬಂದಿದಾರಲ್ಲ. ನೀನೇ ಕಳಿಸಿದೆ ಅಂದ್ರು. ತನಿಖೆ ಮುಗೀತಂತೆ, ಏನೋ ಕೊನೇ ಕೆಲಸ ಬಾಕಿ ಇದೆಯಂತೆ. ಬಾಗಿಲು ಹಾಕ್ಕೊಂಡಿದಾರೆ."

ತನಿಖೆ ಮುಗಿಯಿತೆಂದು ಅವರನ್ನು ನಂಬಿಸಿದ್ದು ನಾವೇ.

"ಅಕ್ಕ, ಫೋನ್ ಇಡಬೇಡ. ಹೋಗಿ ಬಾಗಿಲು ತಟ್ಟು. ಸುಮ್ಮನೆ ಏನಾದ್ರೂ ಬೇಕಾ ಅಂತ ಕೇಳು. ಅಷ್ಟೇ. ಬೇರೇನೂ ಹೇಳಬೇಡ."

ಚಪ್ಪಲಿಯ ಸದ್ದು. ಬಾಗಿಲು ತಟ್ಟಿದ ಸದ್ದು. "ಸೂಜಿ, ಏನಾದ್ರೂ ಬೇಕೇನಮ್ಮ?"

ಒಳಗಿನಿಂದ ಸೂಜಿಯ ದನಿ ಬಂತು. ನಡುಕವಿಲ್ಲ, ಅಳುವಿಲ್ಲ. ತಣ್ಣಗಿತ್ತು.

"ಇನ್ನೊಂದು ಸ್ವಲ್ಪ ಹೊತ್ತು ಅತ್ತಿಗೆ. ಟೀ ಮಾಡಿ. ಡಾಕ್ಟ್ರಿಗೊಂದು, ನಂಗೊಂದು."

"ಕೇಳಿಸ್ತಾ?" ಎಂದಳು ಅಕ್ಕ ಫೋನಿನಲ್ಲಿ. ಆಮೇಲೆ ಅವಳ ದನಿಯೂ ಇಳಿಯಿತು. "ಅಲ್ವೇ, ಇವಳು ಯಾವತ್ತಿನಿಂದ ಟೀ ಕುಡಿಯೋಕೆ ಶುರುಮಾಡಿದ್ಲು? ಬಾಗಿಲ ಆಚೆಯಿಂದ ನಮಗೇನೋ ಹೇಳ್ತಿದಾಳಾ?"